ಎರಡನೇ ಖಾನೆಯ ಡಿಸ್ಕು

ಖಾಲಿ ಜಾಗ ಕಂಡರೆ ಇಬ್ರಾಹಿಂ ಖಲೀಲ್ ಮಾಸ್ಟ್ರಿಗೆ ಆಗುವುದಿಲ್ಲ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವರು. ಉತ್ತರ ಪತ್ರಿಕೆಯಲ್ಲಿ ಮಕ್ಕಳು ಖಾಲಿ ಬಿಟ್ಟಲ್ಲೆಲ್ಲ ಕೆಂಪು ಗೀರು ಎಳೆದು ಎಳೆದು ಕೈಗೆ ಅದೇ ಅಭ್ಯಾಸ. ನಿವೃತ್ತರಾಗಿ ಬಂಟ್ವಾಳದ ಮನೆಯಲ್ಲಿ ಕುಳಿತ ಮೇಲೆ ಗೀರೆಳೆಯಲು ಬೇರೇನೂ ಸಿಗದೆ ಅವರ ಕಣ್ಣು ಟಿವಿಯ ಪಕ್ಕದ ಕಪ್ಪು ಪೆಟ್ಟಿಗೆಯ ಮೇಲೆ ಬಿತ್ತು.

ಪೆಟ್ಟಿಗೆ ಎಂದರೆ ಬಟ್ಟೆ ಇಡುವ ಪೆಟ್ಟಿಗೆಯಲ್ಲ. ಎರಡು ಇಟ್ಟಿಗೆ ಜೋಡಿಸಿಟ್ಟಷ್ಟು ಗಾತ್ರ, ಒಳಗೊಂದು ಹಾರ್ಡ್ ಡಿಸ್ಕು, ಹಿಂದೆ ವಯರು. ಮನೆಯ ವೈಫೈಗೆ ಸೇರಿಸಿಟ್ಟರೆ ಎಲ್ಲರ ಮೊಬೈಲಿನ ಫೋಟೋಗಳೂ ವಿಡಿಯೋಗಳೂ ತಾವಾಗಿ ಬಂದು ಅದರೊಳಗೆ ಸೇರಿಕೊಳ್ಳುತ್ತವೆ. ಬೇಕಾದಾಗ ಟಿವಿಯಲ್ಲಿ ನೋಡಬಹುದು. ಮದುವೆ, ಮುಂಜಿ, ಮೊಮ್ಮಕ್ಕಳಿಗೆ ಹಲ್ಲು ಬಂದದ್ದು, ಅದೇ ಹಲ್ಲು ಬಿದ್ದದ್ದು, ಎಲ್ಲವೂ ಅಲ್ಲುಂಟು. ಮಾಸ್ಟ್ರು ಅದಕ್ಕೆ 'ಕುಟುಂಬ ಸ್ಮೃತಿ ಭಂಡಾರ' ಎಂದು ಹೆಸರಿಟ್ಟು ಚೀಟಿ ಅಂಟಿಸಿದ್ದರು. ಅವರ ಪತ್ನಿ ರಶೀನಾ ಅದನ್ನು 'ನಿಮ್ಮ ಪೆಟ್ಟಿಗೆ' ಎಂದು ಕರೆಯುತ್ತಿದ್ದರು ಮತ್ತು ವಾರಕ್ಕೊಮ್ಮೆ ಅದರ ಧೂಳು ಒರೆಸುತ್ತಿದ್ದರು. (ರಶೀನಾರಿಗೆ ಬಹುವಚನ ಹಾಕಿದ್ದು ಬರಿಯ ಶಿಷ್ಟಾಚಾರಕ್ಕಲ್ಲ. ಕಥೆ ಕೇಳಿದ ಮೇಲೆ ನೀವೂ ಹಾಕುತ್ತೀರಿ.)

ತೊಂದರೆ ಏನೆಂದರೆ, ಭಂಡಾರಕ್ಕೆ ಖಾನೆಗಳು ಎರಡು, ಡಿಸ್ಕು ಒಂದೇ. ಎರಡನೇ ಖಾನೆ ಎರಡು ವರ್ಷದಿಂದ ಖಾಲಿ. ಅದು ಸಾಲದೆಂಬಂತೆ, ಇರುವ ಒಂದು ಡಿಸ್ಕು ಯಾವತ್ತಾದರೂ ಕೈಕೊಟ್ಟರೆ ಎಲ್ಲವೂ ಹೋಯಿತು ಎಂಬ ಸಂಗತಿಯನ್ನು ಮಾಸ್ಟ್ರು ಎಲ್ಲೋ ಓದಿಬಿಟ್ಟರು. ಅಂದಿನಿಂದ ಅವರಿಗೆ ಅನ್ನ ಸೇರದಾಯಿತು. (ಪತ್ತಿರ್ ಸೇರುತ್ತಿತ್ತು. ಅಕ್ಕಿರೊಟ್ಟಿಗೂ ಚಿಂತೆಗೂ ಸಂಬಂಧವಿಲ್ಲ.)

"ಇನ್ನೊಂದು ಡಿಸ್ಕು ಹಾಕುವ," ಎಂದು ಒಂದು ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದರು. "ಇದಕ್ಕೆ ಮಿರರ್ ಅಂತ ಹೇಳ್ತಾರೆ. ಪ್ರತಿಬಿಂಬ ವ್ಯವಸ್ಥೆ. ಒಂದರಲ್ಲಿ ಇರುವುದೆಲ್ಲ ಇನ್ನೊಂದರಲ್ಲಿ ಹಾಗೆಯೇ ಇರ್ತದೆ. ಒಂದು ಸತ್ತರೆ ಇನ್ನೊಂದು ಉಂಟು."

"ಹಾಕಿ," ಎಂದರು ರಶೀನಾ. ಅವರ ಮುಂದೆ ಬಂಗುಡೆ ಮೀನು ಇತ್ತು.

"ಯಾರನ್ನೂ ಕರೆಯುವುದು ಬೇಡ. ನಾನೇ ಹಾಕ್ತೇನೆ."

ರಶೀನಾ ಕತ್ತಿಯನ್ನು ಒಂದು ಗಳಿಗೆ ನಿಲ್ಲಿಸಿದರು. ಅಷ್ಟು ಸಾಕಾಯಿತು.

"ಎಂತ ಸಂಶಯ ನಿನಗೆ? ನಮ್ಮ ಮದುವೆಯ ದಿನ ನಿಮ್ಮ ಪುತ್ತಿಗೆ ಮನೆಯಲ್ಲಿ ಕರೆಂಟು ಹೋದಾಗ ಫ್ಯೂಸ್ ಹಾಕಿದ್ದು ಯಾರು? ಮರೆತೆಯಾ?"

"ಮರೀಲಿಕ್ಕೆ ಉಂಟಾ," ಎಂದು ರಶೀನಾ ಬಂಗುಡೆಯ ತಲೆ ತೆಗೆದರು.

ಈ ಫ್ಯೂಸಿನ ಕಥೆಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ಮೂವತ್ತು ವರ್ಷದ ಹಿಂದೆ, ಮದುಮಗನಾಗಿ ಖಲೀಲ್ ಮಾಸ್ಟ್ರು ಮೂಡುಬಿದಿರೆಯ ಹತ್ತಿರದ ಪುತ್ತಿಗೆಯಲ್ಲಿ ಹೆಣ್ಣಿನ ಮನೆಯಲ್ಲಿದ್ದಾಗ ಕರೆಂಟು ಹೋಗಿ, ಇಡೀ ಮನೆ ಕತ್ತಲಾಗಿ, ಎಲ್ಲರೂ ಕಂಗಾಲಾದಾಗ ಮದುಮಗನೇ ಎದ್ದು ಫ್ಯೂಸ್ ಹಾಕಿ ಬೆಳಕು ತಂದ ಕಥೆ. ಮೊದಮೊದಲು ಅದು ಬರೀ ಫ್ಯೂಸ್ ಆಗಿತ್ತು. ಹತ್ತನೇ ವರ್ಷಕ್ಕೆ ಮೇನ್ ಸ್ವಿಚ್ ಸೇರಿತು. ಇಪ್ಪತ್ತನೇ ವರ್ಷಕ್ಕೆ ಕಿಡಿ ಹಾರಿತು. ಈಚೆಗೆ ರಸ್ತೆ ಬದಿಯ ಟ್ರಾನ್ಸ್‌ಫಾರ್ಮರೂ ಕಥೆಯೊಳಗೆ ಬರುವ ಲಕ್ಷಣ ಕಾಣುತ್ತಿತ್ತು. ಮಾಸ್ಟ್ರು ಸುಳ್ಳುಗಾರರಲ್ಲ. ಹೇಳಿ ಹೇಳಿ ಅವರಿಗೆ ಅದು ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು, ಅಷ್ಟೇ.

ಇನ್ನೊಂದು ಮಾತು. ಆ ಮನೆಯಲ್ಲಿ ಮಿಕ್ಸಿ ಕೆಟ್ಟರೆ ಮರುದಿನ ಸರಿಯಾಗಿರುತ್ತಿತ್ತು. ಪಂಪು ನಿಂತರೆ ಮಧ್ಯಾಹ್ನದೊಳಗೆ ನೀರು ಬರುತ್ತಿತ್ತು. ಒಳ್ಳೆಯ ಕಂಪೆನಿಯ ಸಾಮಾನು ತನ್ನಷ್ಟಕ್ಕೆ ಸರಿಯಾಗುತ್ತದೆ ಎಂದು ವಿಜ್ಞಾನದ ಮಾಸ್ಟ್ರು ನಂಬಿದ್ದರು.

"ಡಿಸ್ಕು ಅಂಗಡಿಯಿಂದ ತರುವುದು ಬೇಡ," ಎಂದರು ರಶೀನಾ. "ಸಮೀನಕ್ಕನ ಮನೆಯಲ್ಲಿ ಒಂದು ಉಂಟು. ನಿಝಾಮ್ ಭಾವ ದಮ್ಮಾಮಿನ ಕೆಲಸ ಬಿಟ್ಟು ಬರುವಾಗ ತಂದದ್ದು, ಹಾಗೆಯೇ ಬಿದ್ದಿದೆ. ನಿಮ್ಮದರಷ್ಟೇ ದೊಡ್ಡದು. ಗುರುವಾರ ಬೆಳ್ತಂಗಡಿ ಮದುವೆಗೆ ಅಕ್ಕ ಬರ್ತಾಳೆ, ಹಿಡ್ಕೊಂಡು ಬರಲಿಕ್ಕೆ ಹೇಳ್ತೇನೆ."

ತನ್ನ ಭಂಡಾರದ ಡಿಸ್ಕಿನ ಗಾತ್ರ ಇವಳಿಗೆ ಹೇಗೆ ಗೊತ್ತು ಎಂಬ ಪ್ರಶ್ನೆ ಮಾಸ್ಟ್ರ ತಲೆಯಲ್ಲಿ ಹುಟ್ಟಬೇಕಿತ್ತು. ಹುಟ್ಟಲಿಲ್ಲ.

ಬೆಳ್ತಂಗಡಿಯ ಮದುವೆಗೆ ಮಾಸ್ಟ್ರು ಹೋಗಲಿಲ್ಲ, ಮೊಣಕಾಲು ನೋವು. ಶನಿವಾರ ಬೆಳಿಗ್ಗೆ ರಶೀನಾ ಮೇಜಿನ ಮೇಲೆ ಒಂದು ಸ್ಟೀಲು ಡಬ್ಬಿ ತಂದಿಟ್ಟರು. ಮುಚ್ಚಳ ತೆಗೆದರೆ ಮೇಲೆ ಬಾಳೆಲೆಯಲ್ಲಿ ಕಟ್ಟಿದ ಅಕ್ಕಿ ಬೆಲ್ಲದ ಸಿಹಿ ಕಲ್ತಪ್ಪ, ಕೆಳಗೆ ಟವೆಲಿನಲ್ಲಿ ಸುತ್ತಿದ ಡಿಸ್ಕು.

"ನಿನ್ನ ಅಕ್ಕನನ್ನು ಮೆಚ್ಚಬೇಕು," ಎಂದು ಮಾಸ್ಟ್ರು ಕಲ್ತಪ್ಪದ ತುಂಡು ಬಾಯಿಗಿಟ್ಟುಕೊಂಡರು. "ಡಿಸ್ಕು ಕೊಡುವಾಗಲೂ ಖಾಲಿ ಕೊಡಲಿಲ್ಲ."

"ನಮ್ಮಲ್ಲಿ ಖಾಲಿ ಪಾತ್ರೆ ಯಾರೂ ಕೊಡುವುದಿಲ್ಲ," ಎಂದರು ರಶೀನಾ.

ಅದು ನಿಜ. ಆ ಕಡೆಯಲ್ಲಿ ನೆರೆಮನೆಯಿಂದ ಸಾರು ಬಂದ ಪಾತ್ರೆ ತಿರುಗಿ ಹೋಗುವಾಗ ನಾಲ್ಕು ನಿಂಬೆಹಣ್ಣಾದರೂ ಹೊತ್ತುಕೊಂಡು ಹೋಗುತ್ತದೆ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆ. ಖಾಲಿ ಪಾತ್ರೆ ಕೊಟ್ಟರೆ ಕೊಟ್ಟವರಿಗೂ ಒಳ್ಳೆಯದಲ್ಲ, ತೆಗೆದುಕೊಂಡವರಿಗೂ ಒಳ್ಳೆಯದಲ್ಲ. ಇದು ಮಾಸ್ಟ್ರಿಗೆ ತೊಟ್ಟಿಲಿನಿಂದಲೇ ಗೊತ್ತಿದ್ದ ವಿಷಯ. ಗೊತ್ತಿದ್ದೂ ಅವರು ಮಾಡಿದ್ದನ್ನು ಈಗ ಕೇಳಬೇಕು.

ಮಹಾಕಾರ್ಯ ಹತ್ತು ಗಂಟೆಗೆ ಆರಂಭವಾಯಿತು. ಮಾಸ್ಟ್ರು ಕನ್ನಡಕ ಒರೆಸಿ, ಭಂಡಾರವನ್ನು ಆಫ್ ಮಾಡಿ, ಎರಡನೇ ಖಾನೆಯ ಟ್ರೇ ಎಳೆದು, ಡಿಸ್ಕನ್ನು ಅದರಲ್ಲಿಟ್ಟು ನಾಲ್ಕು ಸ್ಕ್ರೂ ಹಾಕಲು ಕುಳಿತರು. ಮೂರು ಸ್ಕ್ರೂ ಕೂತವು, ನಾಲ್ಕನೆಯದು ಸೋಫಾದ ಅಡಿಗೆ ಹೋಯಿತು. ಮೂರು ಬಿಂದುಗಳಲ್ಲಿ ಒಂದು ಸಮತಲ ನಿರ್ಧಾರವಾಗುತ್ತದೆ, ನಾಲ್ಕನೆಯದು ಆಡಂಬರ ಎಂದು ಅವರು ಜ್ಯಾಮಿತಿಯ ಸಹಾಯ ಪಡೆದರು. ಆದರೆ ಟ್ರೇ ಅರ್ಧ ಹೋಗಿ ನಿಂತುಬಿಟ್ಟಿತು. ತಳ್ಳಿದರು, ಎಳೆದರು, ಊದಿದರು.

"ಉಷ್ಣದಿಂದ ಲೋಹ ಹಿಗ್ಗಿದೆ," ಎಂದು ವಿವರಿಸಿದರು. "ಸ್ವಲ್ಪ ತಣಿಯಲಿ."

ಒಣಗಿದ ಬಟ್ಟೆ ಹಿಡಿದುಕೊಂಡು ಆ ದಾರಿಯಾಗಿ ಹೋಗುತ್ತಿದ್ದ ರಶೀನಾ ಬಟ್ಟೆಯನ್ನು ಎಡಗೈಗೆ ಬದಲಾಯಿಸಿ, ಬಲಗೈಯಿಂದ ಟ್ರೇ ಹೊರಗೆಳೆದು, ಅಡಿಮೇಲು ಮಾಡಿ, ಒಳಗೆ ತಳ್ಳಿದರು. ಟಕ್ ಎಂದಿತು.

"ನಾನು ಅದನ್ನೇ ಮಾಡ್ಲಿಕ್ಕೆ ಹೊರಟದ್ದು," ಎಂದರು ಮಾಸ್ಟ್ರು.

"ಗೊತ್ತುಂಟು," ಎಂದು ರಶೀನಾ ಬಟ್ಟೆ ಮಡಚಲು ಹೋದರು.

ಆಮೇಲೆ ಲ್ಯಾಪ್‌ಟಾಪಿನ ಪರದೆಯ ಮೇಲೆ ಹೊಸ ಡಿಸ್ಕು ಕಂಡಿತು. ಮಿರರ್ ಬೇಕೇ ಎಂದು ಕೇಳಿತು. ಬೇಕು ಎಂದರು. ಆಗ ಕೆಂಪು ಅಕ್ಷರದಲ್ಲಿ ಒಂದು ಎಚ್ಚರಿಕೆ ಮೂಡಿತು: ಎರಡನೇ ಡಿಸ್ಕಿನಲ್ಲಿ ಇರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಬೇಕೇ?

ಮಾಸ್ಟ್ರು ಪತ್ನಿಯನ್ನು ಸಾಕ್ಷಿಗೆ ಕರೆದರು. ರಶೀನಾ ಬಂದು ಬಗ್ಗಿ ಓದಿದರು.

"ಎಲ್ಲ ಅಳಿಸ್ತದೆ ಅಂತ ಉಂಟಲ್ಲ. ಒಳಗೆ ಎಂತ ಉಂಟು ಅಂತ ನೋಡಿದ್ರಾ?"

"ಹೊಸ ಡಿಸ್ಕಿನಲ್ಲಿ ಎಂತ ಇರ್ತದೆ ಮಾರಾಯ್ತಿ? ಗಾಳಿ. ಇದೆಲ್ಲ ಕಂಪೆನಿಯವರು ಕಾನೂನಿಗೆ ಹೆದರಿ ಬರೆಯುವುದು."

ರಶೀನಾ ಗಂಡನ ಮುಖ ನೋಡಿದರು. "ಹಾಗಾದರೆ ಒತ್ತಿ," ಎಂದರು.

ಒತ್ತಿದರು. ಹನ್ನೊಂದು ಗಂಟೆಗಳ ಕೆಲಸ ಎಂದು ಪರದೆ ಹೇಳಿತು. ಮಾಸ್ಟ್ರು ಕುರ್ಚಿಗೆ ಒರಗಿದರು.

"ನೋಡು ರಶೀನಾ, ಇನ್ನು ಈ ಪೆಟ್ಟಿಗೆಯೊಳಗೆ ಒಮ್ಮೆ ಬಿದ್ದದ್ದು ಹೋಗುವ ಪ್ರಶ್ನೆಯೇ ಇಲ್ಲ. ಒಂದು ಹೋದರೂ ಇನ್ನೊಂದರಲ್ಲಿ ಉಳೀತದೆ. ನೆನಪಿಟ್ಟುಕೋ."

"ನೆನಪಿಟ್ಕೊಳ್ತೇನೆ."

ಕೆಲಸ ಶೇಕಡಾ ಹದಿನೆಂಟಕ್ಕೆ ಬಂದಾಗ ಮಾಸ್ಟ್ರ ಫೋನು ಹೊಡೆದುಕೊಂಡಿತು. ಪುತ್ತಿಗೆಯಿಂದ ಸಮೀನಾ, ರಶೀನಾರ ಅಕ್ಕ. ಏರುದನಿಯ ಹೆಂಗಸು, ಮನಸ್ಸು ಬೆಣ್ಣೆ.

"ಭಾವ, ನೋಡಿದ್ರಾ?"

"ಎಂತದ್ದು?"

"ಡಿಸ್ಕಿನಲ್ಲಿ ಇದ್ದದ್ದು. ನಿಮ್ಮ ಮದುವೆಯ ಕ್ಯಾಸೆಟ್ಟು. ಇವರು ಆಗ ದಮ್ಮಾಮಿಂದ ಕ್ಯಾಮರಾ ತಂದು ತೆಗೆದದ್ದು ನೆನಪುಂಟಲ್ಲ? ಕಪಾಟಿನ ಅಡಿಯಲ್ಲಿ ಸಿಕ್ಕಿತು. ಮೂಡುಬಿದಿರೆ ಸ್ಟುಡಿಯೋದ ರಮಾನಾಥರ ಹತ್ತಿರ ಕೊಟ್ಟು ಡಿಸ್ಕಿಗೆ ತುಂಬಿಸಿದ್ದು. ಡಿಸ್ಕು ಖಾಲಿ ಹೇಗೆ ಕೊಡುವುದು, ಅಲ್ವಾ?"

ಮಾಸ್ಟ್ರು ಪರದೆಯ ಕಡೆ ನೋಡಿದರು. ಶೇಕಡಾ ಹತ್ತೊಂಬತ್ತು.

"ಅದರಲ್ಲಿ ಉಪ್ಪ ಮಾತಾಡಿದ್ದು ಉಂಟು ಭಾವ," ಸಮೀನಾರ ಏರುದನಿ ಇಳಿಯಿತು. "ಉಪ್ಪನ ಸ್ವರ ಬೇರೆ ಎಲ್ಲಿಯೂ ಇಲ್ಲ. ಉಮ್ಮ ದಿನಾ ಕೇಳ್ತಾರೆ, ಯಾವಾಗ ತೋರಿಸುವುದು ಅಂತ. ನಮ್ಮ ಹಳೇ ಟಿವಿಯಲ್ಲಿ ಅದನ್ನು ಹಾಕಿ ನೋಡ್ಲಿಕ್ಕೆ ಆಗುವುದಿಲ್ಲ, ಹೊಸದು ಇನ್ನು ತರಬೇಕಷ್ಟೆ. ನಿಮ್ಮ ಪೆಟ್ಟಿಗೆಯಲ್ಲೇ ನೋಡುವ ಅಂತ ಹೇಳಿ ಸಮಾಧಾನ ಮಾಡಿದ್ದೇನೆ."

ಉಪ್ಪ ಎಂದರೆ ಮಾಸ್ಟ್ರ ಮಾವ ಅಬೂಬಕ್ಕರ್. ಮೂಡುಬಿದಿರೆಯಲ್ಲಿ ಪಂಪು, ಮೋಟಾರು ರಿಪೇರಿ ಮಾಡುತ್ತಿದ್ದವರು, ತೀರಿಹೋಗಿ ಇಪ್ಪತ್ತೆರಡು ವರ್ಷ. ಉಮ್ಮ ಎಂದರೆ ಬೀಬಿ, ಎಂಬತ್ತಮೂರು ವರ್ಷ. ಇಬ್ಬರೂ ಅಳಿಯನನ್ನು ಮಗನಿಗಿಂತ ಹೆಚ್ಚಾಗಿ ನೋಡಿಕೊಂಡವರು.

"ಭಾವ? ನೋಡಿದ್ರಾ?"

ಆಗ 'ಇಲ್ಲ' ಎನ್ನುವ ಎರಡಕ್ಷರ ಮಾಸ್ಟ್ರ ಬಾಯಿಂದ ಬಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

"ನೋಡಿದೆ," ಎಂದರು. "ಕಣ್ಣಲ್ಲಿ ನೀರು ಬಂತು."

ನೀರು ಬಂದದ್ದು ನಿಜ. ಈಗ ತಾನೇ ಬಂದದ್ದು.

"ಪೂರ್ತಿ ನೋಡಿದ್ರಾ? ಆ ಫ್ಯೂಸಿನದ್ದು ಸಹ?"

ಫ್ಯೂಸ್ ಎಂದದ್ದೇ ಮಾಸ್ಟ್ರ ಎದೆಗೆ ಇನ್ನೊಂದು ಏಟು ಬಿತ್ತು. ಮೂವತ್ತು ವರ್ಷ ಬಾಯಿಮಾತಿನಲ್ಲಿ ಹೇಳಿಕೊಂಡು ಬಂದ ಸಾಹಸಕ್ಕೆ ಕಣ್ಣಾರೆ ಕಾಣುವ ಪುರಾವೆ ಇತ್ತು, ಅದನ್ನೂ ತನ್ನ ಕೈಯಾರೆ ಒರೆಸಿಬಿಟ್ಟಾಯಿತು.

"ಪೂರ್ತಿ ನೋಡಿದೆ."

"ಎಲ್ಲರಿಗೂ ತೋರಿಸಿದರೆ ನಿಮ್ಮದು ಎಂತ ಆಕ್ಷೇಪ ಇಲ್ಲ ಅಲ್ವಾ? ಇವರು ಹೇಳ್ತಿದ್ರು, ಭಾವನ ಹತ್ತಿರ ಮೊದಲು ಕೇಳು ಅಂತ."

"ಎಂತ ಆಕ್ಷೇಪ? ಧಾರಾಳ ತೋರಿಸುವ," ಎಂದರು ಮಾಸ್ಟ್ರು. ಕಳ್ಳನ ಮಾತು ಯಾವಾಗಲೂ ಒಂದು ಹಿಡಿ ಹೆಚ್ಚೇ ಇರುತ್ತದೆ. "ಹಬ್ಬದ ಮರುದಿನ ಎಲ್ಲರೂ ಇಲ್ಲಿಗೇ ಬನ್ನಿ. ಮಧ್ಯಾಹ್ನಕ್ಕೆ. ಉಮ್ಮನನ್ನೂ ಕರ್ಕೊಂಡು ಬನ್ನಿ."

ಫೋನಿಟ್ಟ ಮೇಲೆ ತಾವು ಹೇಳಿದ್ದು ಅವರಿಗೇ ಕೇಳಿಸಿತು. ಬಕ್ರೀದಿಗೆ ಇನ್ನು ಐದು ದಿನ ಇತ್ತು.

ಮಾಸ್ಟ್ರು ರಶೀನಾರಿಗೆ ಹೇಳಲಿಲ್ಲ. ಹೇಗೆ ಹೇಳುವುದು? ನಿನ್ನ ಉಪ್ಪನ ಸ್ವರ ಇಷ್ಟು ವರ್ಷ ಕಪಾಟಿನ ಅಡಿಯಲ್ಲಿ ಬೂಸ್ಟು ಹಿಡಿದು ಬದುಕಿತ್ತು, ನಿನ್ನೆದುರೇ ನಾನು ಒಂದು ಬಟನ್ ಒತ್ತಿ ಮುಗಿಸಿದೆ ಎಂದು ಹೇಳುವ ಬಾಯಿ ಅವರಿಗೆ ಇರಲಿಲ್ಲ. ಸೋಮವಾರ ಮೊಣಕಾಲು ನೋವನ್ನು ಮನೆಯಲ್ಲೇ ಬಿಟ್ಟು ಸಿದ್ಧಕಟ್ಟೆ ದಾರಿಯ ಬಸ್ಸು ಹತ್ತಿ ಮೂಡುಬಿದಿರೆಗೆ ಹೋದರು.

ಸ್ಟುಡಿಯೋದ ರಮಾನಾಥರು ಎದ್ದು ನಿಂತು ಕುರ್ಚಿ ಕೊಟ್ಟರು.

"ಕ್ಯಾಸೆಟ್ಟಾ? ಅದು ಒಮ್ಮೆ ಓಡಿದ್ದೇ ದೊಡ್ಡದು ಮಾಸ್ಟ್ರೇ. ಕೊನೆಗೆ ಬಂದದ್ದೇ ಟೇಪು ಪುಡಿ ಆಯ್ತು."

"ನಿಮ್ಮ ಕಂಪ್ಯೂಟರಿನಲ್ಲಿ ಒಂದು ಕಾಪಿ ಇರಬಹುದಲ್ಲ?"

"ಛೇ, ಇಲ್ಲ. ಮನೆಯೊಳಗಿನ ವಿಡಿಯೋ, ಹೆಂಗಸರು ಮಕ್ಕಳು ಇರ್ತಾರೆ. ಕೊಟ್ಟ ದಿನವೇ ನಾನು ಅಳಿಸಿಬಿಡ್ತೇನೆ. ಅದು ನನ್ನ ನಿಯಮ." ರಮಾನಾಥರು ಒಂದು ಕ್ಷಣ ತಡೆದು ನಕ್ಕರು. "ಆದರೆ ಫ್ಯೂಸಿನ ಜಾಗ ಭಾರೀ ಚಂದ ಉಂಟು ಮಾಸ್ಟ್ರೇ. ನಾನು ಎರಡು ಸಲ ನೋಡಿದೆ. ತಪ್ಪು ತಿಳೀಬೇಡಿ."

ಎಂಥ ಪ್ರಾಮಾಣಿಕ ಮನುಷ್ಯ ಎಂದು ಮಾಸ್ಟ್ರಿಗೆ ಅನ್ನಿಸಿತು. ಇಂಥ ಪ್ರಾಮಾಣಿಕತೆ ಜಗತ್ತಿನಲ್ಲಿ ಸ್ವಲ್ಪ ಕಡಿಮೆ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದೂ ಅನ್ನಿಸಿತು.

ಉಳಿದ ದಿನಗಳಲ್ಲಿ ಮಾಸ್ಟ್ರು ಮಾದರಿ ಗಂಡನಾದರು. ಮೀನು ತಂದರು, ತಂದ ಮೀನನ್ನು ತಾವೇ ತೊಳೆದರು. ಹೇಳದೆ ಕೇಳದೆ ಪಾತ್ರೆ ಉಜ್ಜಿದರು. ಮಂಗಳವಾರ ರಶೀನಾರ ಚಹಾಕ್ಕೆ ತಾವೇ ಸಕ್ಕರೆ ಹಾಕಿದರು. ಅವರು ಸಕ್ಕರೆ ಬಿಟ್ಟು ನಾಲ್ಕು ವರ್ಷವಾಗಿತ್ತು.

"ಎಂತ ಆಯ್ತು ನಿಮಗೆ?" ಎಂದು ರಶೀನಾ ಕೇಳಿದರು.

"ಎಂತ ಇಲ್ಲ," ಎಂದು ಮಾಸ್ಟ್ರು ಇನ್ನೊಂದು ಪಾತ್ರೆ ಎಳೆದುಕೊಂಡರು. ಅದು ಉಜ್ಜಿಟ್ಟ ಪಾತ್ರೆಯೇ ಆಗಿತ್ತು.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಬೀಬಿಯೇ ಫೋನು ಮಾಡಿದರು. ಹೆಚ್ಚು ಮಾತಾಡುವವರಲ್ಲ. "ಮಗಾ, ನಾಡಿದ್ದು ಬರ್ತೇನೆ. ಅವರ ಸ್ವರ ಕೇಳದೆ ತುಂಬ ಸಮಯ ಆಯ್ತು," ಎಂದರು, ಇಟ್ಟರು. ಮಾಸ್ಟ್ರಿಗೆ ಇನ್ನು ತಡೆಯಲಾಗಲಿಲ್ಲ. ನೇರ ಅಡುಗೆಮನೆಗೆ ಹೋಗಿ, ನೀರುಳ್ಳಿ ಹೆಚ್ಚುತ್ತಿದ್ದ ರಶೀನಾರ ಎದುರು ಸ್ಟೂಲಿನಲ್ಲಿ ಕುಳಿತು, ಎಲ್ಲವನ್ನೂ ಹೇಳಿಬಿಟ್ಟರು. ಫೋನು ಬಂದದ್ದು, ತಾವು ಸುಳ್ಳು ಹೇಳಿದ್ದು, ಮೂಡುಬಿದಿರೆಗೆ ಹೋದದ್ದು. ಹೇಳಿ ತಲೆ ತಗ್ಗಿಸಿದರು.

"ನಾನು ಒಂದು ದೊಡ್ಡ ಕತ್ತೆ ರಶೀನಾ. ನಿನ್ನ ಉಪ್ಪನನ್ನು ಅಳಿಸಿದೆ."

ರಶೀನಾ ನೀರುಳ್ಳಿ ಮುಗಿಸಿ, ಕಣ್ಣೊರೆಸಿಕೊಂಡರು. (ನೀರುಳ್ಳಿಗೇ.)

"ಇದಾ ಸಂಗತಿ? ನಾನು ನಿಮಗೆ ಬಿಪಿ ಹೆಚ್ಚಾಗಿದೆ ಅಂತ ಹೆದರಿದ್ದೆ."

"ಎಂತ ಹೇಳ್ತಿ ನೀನು?"

"ಅಕ್ಕನ ಮನೆಯಿಂದ ಪಾತ್ರೆ ಬಂದರೆ ಅದರಲ್ಲಿ ಇದ್ದದ್ದನ್ನು ನಮ್ಮ ಪಾತ್ರೆಗೆ ಬಗ್ಗಿಸಿಕೊಳ್ಳದೆ ನಿಮ್ಮ ಕೈಗೆ ಕೊಡ್ತೇನಾ ನಾನು? ಬೆಳ್ತಂಗಡಿಯಲ್ಲಿ ಕೈಗೆ ಬಂದಾಗಲೇ ಗೊತ್ತಿತ್ತು, ಅವಳು ಖಾಲಿ ಕೊಡುವವಳಲ್ಲ ಅಂತ. ಶುಕ್ರವಾರ ನೀವು ಜುಮಾಕ್ಕೆ ಹೋಗಿದ್ದಾಗ, ಝೆರಾಕ್ಸ್ ಅಂಗಡಿ ಕಾಂತಿಯ ಹತ್ತಿರ ಡಿಸ್ಕು ಸಿಕ್ಕಿಸುವ ವಯರು ಕೇಳಿ ತಂದು, ಪೆಟ್ಟಿಗೆಯ ಎದುರಿನ ಬಟನ್ ಒತ್ತಿದೆ. ಎಲ್ಲ ಮೊದಲನೇ ಡಿಸ್ಕಿಗೆ ಬಂತು. ಮತ್ತೆ ನಿಮಗೆ ಕೊಟ್ಟದ್ದು."

"ಎದುರಿನ ಬಟನ್ನಾ? ಅದು ಚಂದಕ್ಕೆ ಇಟ್ಟದ್ದಲ್ವಾ?"

"ಅದು ಕಾಪಿ ಮಾಡುವ ಬಟನ್. ಪೆಟ್ಟಿಗೆಯ ಜೊತೆ ಬಂದ ಪುಸ್ತಕದಲ್ಲಿ ಉಂಟು. ಆರನೇ ಪುಟ."

ಮಾಸ್ಟ್ರು ಎದ್ದು ಹೋಗಿ ಟಿವಿ ಹಾಕಿ ನೋಡಿದರು. ಭಂಡಾರದೊಳಗೆ 'ಪುತ್ತಿಗೆ' ಎಂಬ ಹೊಸ ಫೋಲ್ಡರ್ ಇತ್ತು. ಒಳಗೆ ಒಂದು ಗಂಟೆ ಹನ್ನೆರಡು ನಿಮಿಷದ ವಿಡಿಯೋ. ತೆರೆಯುವ ತಾಳ್ಮೆ ಅವರಿಗೆ ಇರಲಿಲ್ಲ, ವಿಡಿಯೋ ಅಲ್ಲಿ ಉಳಿದದ್ದೇ ಸಾಕಿತ್ತು. ತಿರುಗಿ ಅಡುಗೆಮನೆಗೆ ಬಂದು ಬಾಗಿಲಲ್ಲಿ ನಿಂತರು. ಇವಳು ಇಲ್ಲದಿದ್ದರೆ ತನ್ನ ಗತಿ ಏನು ಎಂದು ಅವರಿಗೆ ಆ ಹೊತ್ತಿಗೆ ಮನಸಾರೆ ಅನ್ನಿಸಿತು, ಮತ್ತು ಅದನ್ನು ಹೇಳಿಯೂಬಿಟ್ಟರು.

"ನೀನು ಇಲ್ಲದಿದ್ದರೆ ನಾನು ಎಂತ ಆಗ್ತಿದ್ದೆ ಹೇಳು."

"ನೀರುಳ್ಳಿ ಹೆಚ್ಚುತ್ತಿದ್ದಿರಿ," ಎಂದರು ರಶೀನಾ. ಆದರೆ ಅವರಿಗೆ ಖುಷಿಯಾಗಿತ್ತು.

ಅಷ್ಟಕ್ಕೆ ನಿಲ್ಲಿಸಿದ್ದರೆ ಮಾಸ್ಟ್ರು ಗೆದ್ದಂತೆ. ಆದರೆ ಭಯ ಹೋದ ಜಾಗ ಖಾಲಿಯಾಯಿತಲ್ಲ. ಖಾಲಿ ಜಾಗ ಕಂಡರೆ ಅವರಿಗೆ ಆಗುವುದಿಲ್ಲವಲ್ಲ. ಅಲ್ಲಿ ಕೂಡಲೇ ಜಂಬ ಬಂದು ಕುಳಿತಿತು.

"ಹಾಗಾದರೆ ಫ್ಯೂಸಿನದ್ದೂ ಉಂಟು."

ರಶೀನಾ ಕತ್ತಿ ಕೆಳಗಿಟ್ಟರು. "ಅದನ್ನು ಎಲ್ಲರಿಗೂ ತೋರಿಸುವುದು ಬೇಡ. ಉಮ್ಮನಿಗೆ ಮಾತ್ರ ಒಳಗಿನ ಕೋಣೆಯಲ್ಲಿ ತೋರಿಸುವ. ಸಾಕು."

"ಯಾಕೆ ಬೇಡ?"

"ಯಾಕೆ ಅಂದರೆ, ಹಳೆಯದ್ದೆಲ್ಲ ಎಂತಕ್ಕೆ. ನನಗೆ ನಾಚಿಕೆ."

"ಗಂಡ ಒಂದು ಕೆಲಸ ಮಾಡಿದ್ದಕ್ಕೆ ಹೆಂಡತಿ ನಾಚಿಕೆಪಡುವುದಾ? ನಿನ್ನ ವಿನಯ ಜಾಸ್ತಿ ಆಯ್ತು ರಶೀನಾ."

"ನಾನು ಹೇಳುವುದು ಕೇಳಿ. ಬೇಡ."

"ಇಷ್ಟು ವರ್ಷ ಬಾಯಲ್ಲಿ ಹೇಳಿದ್ದು. ನಾಡಿದ್ದು ಕಣ್ಣಲ್ಲಿ ನೋಡಲಿ. ನಾನೂ ಅವರ ಜೊತೆಗೇ ನೋಡ್ತೇನೆ."

ರಶೀನಾ ಮೂರು ಸಲ ಬೇಡ ಎಂದರು. ಹಬ್ಬದ ದಿನ ಬೆಳಿಗ್ಗೆ ನಾಲ್ಕನೇ ಸಲವೂ ಅಂದರು. ಮಾಸ್ಟ್ರು ಅಷ್ಟರಲ್ಲಿ ನೆರೆಯ ಮಕ್ಕಿಮನೆಯವರನ್ನೂ, ಝೆರಾಕ್ಸ್ ಅಂಗಡಿಯ ಕಾಂತಿಯನ್ನೂ, ತಮ್ಮ ಜೊತೆ ನಿವೃತ್ತರಾದ ಡ್ರಿಲ್ ಮಾಸ್ಟ್ರು ಚಿನ್ನಯ್ಯರನ್ನೂ ಕರೆದಾಗಿತ್ತು.

ಹಬ್ಬದ ಮರುದಿನ ಬಂಟ್ವಾಳದ ಆ ಮನೆಯಲ್ಲಿ ನಲವತ್ತು ಜನ. ಬಿರಿಯಾನಿ ಮುಗಿದು ಕೈ ತೊಳೆದು ಎಲ್ಲರೂ ಟಿವಿಯ ಮುಂದೆ ಕುಳಿತರು. ಬೀಬಿಯನ್ನು ನಡುವಿನ ಕುರ್ಚಿಯಲ್ಲಿ ಕೂರಿಸಿದರು. ಮಾಸ್ಟ್ರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ರಿಮೋಟು ಹಿಡಿದು ನಿಂತು, ಪ್ರತಿಬಿಂಬ ವ್ಯವಸ್ಥೆಯ ಬಗ್ಗೆ ಐದು ನಿಮಿಷ, ಫ್ಯೂಸಿನ ಹಿನ್ನೆಲೆಯ ಬಗ್ಗೆ ಹತ್ತು ನಿಮಿಷ ಮಾತಾಡಿ ವಿಡಿಯೋ ಹಾಕಿದರು. ಟ್ರಾನ್ಸ್‌ಫಾರ್ಮರ್ ಅಂದೇ ಮೊದಲ ಬಾರಿಗೆ ಅಧಿಕೃತವಾಗಿ ಸೇರಿತು.

ಪುತ್ತಿಗೆಯ ಮನೆ ಕಂಡಿತು. ಜನ ಬರುತ್ತಿದ್ದರು, ಹೋಗುತ್ತಿದ್ದರು, ಹಿನ್ನೆಲೆಯಲ್ಲಿ ಪಾತ್ರೆಗಳ ಸದ್ದು, ಮಾತೊಂದೂ ಸ್ಪಷ್ಟವಿಲ್ಲ. ಅಬೂಬಕ್ಕರ್ ಎರಡು ಸಲ ದೂರದಲ್ಲಿ ಹಾದುಹೋದರು. ಬೀಬಿ ಮುಂದಕ್ಕೆ ಬಾಗಿದರು. ಆಮೇಲೆ ಒಳಗಿನ ಕೋಣೆ. ಚಿನ್ನ ಹೇರಿಕೊಂಡ ಮದುಮಗಳು, ಪಕ್ಕದಲ್ಲಿ ತೆಳ್ಳಗಿನ ಮದುಮಗ. ಇದ್ದಕ್ಕಿದ್ದಂತೆ ಕತ್ತಲು.

"ಈಗ ನೋಡಿ," ಎಂದರು ಮಾಸ್ಟ್ರು.

ನಿಝಾಮರ ಕ್ಯಾಮರಾದ ಮೇಲಿನ ಲೈಟು ಹತ್ತಿತು. ಹೊರಗಿನಿಂದ ಅಬೂಬಕ್ಕರರ ಸ್ವರ ಕೇಳಿತು, ಗಟ್ಟಿಯಾಗಿ, ಸ್ಪಷ್ಟವಾಗಿ, ಪಕ್ಕದ ಕೋಣೆಯಲ್ಲೇ ಇದ್ದ ಹಾಗೆ: "ರಶೀನಾ, ಫ್ಯೂಸ್ ಹೋಯ್ತು ಕಾಣ್ತದೆ, ಒಮ್ಮೆ ನೋಡು ಮಗಳೇ. ನನ್ನ ಕೈಯಲ್ಲಿ ಸಾರಿನ ಪಾತ್ರೆ ಉಂಟು."

ಟಿವಿಯಲ್ಲಿ ಮದುಮಗಳು ಎದ್ದಳು. ಬಳೆಗಳನ್ನು ಮೊಣಕೈಗೆ ಏರಿಸಿಕೊಂಡಳು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ನೋಡನೋಡುತ್ತಿದ್ದಂತೆ ಸ್ಟೂಲು ಹತ್ತಿ, ಬಾಗಿಲ ಮೇಲಿನ ಫ್ಯೂಸ್ ಕಳಚಿ, ಹಲ್ಲಿನಿಂದ ತಂತಿ ತುಂಡು ಮಾಡಿ ಸುತ್ತತೊಡಗಿದಳು. ಕೆಳಗೆ ಮದುಮಗ ಯಾರೋ ಕೊಟ್ಟ ಟಾರ್ಚು ಹಿಡಿದು ನಿಂತಿದ್ದ. ಟಾರ್ಚನ್ನು ತಿರುಗಾಮುರುಗಾ ಹಿಡಿದದ್ದರಿಂದ ಬೆಳಕು ಅವನ ಮುಖಕ್ಕೇ ಬೀಳುತ್ತಿತ್ತು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದ.

ಮದುಮಗಳು ಕೆಳಗೆ ನೋಡಿ, ಗಂಡನೊಂದಿಗೆ ತನ್ನ ಜೀವನದ ಮೊದಲ ಮಾತು ಆಡಿದಳು.

"ಟಾರ್ಚು ನನ್ನ ಕೈಯ ಕಡೆಗೆ ಹಿಡಿಯಿರಿ. ನಿಮ್ಮ ಮುಖ ನಾನು ಮತ್ತೆ ನೋಡ್ತೇನೆ."

ದೀಪ ಹತ್ತಿತು. ಟಿವಿಯೊಳಗಿನವರೂ ಹೊರಗಿನವರೂ ಒಟ್ಟಿಗೆ ನಕ್ಕರು. ಡ್ರಿಲ್ ಮಾಸ್ಟ್ರು ಚಿನ್ನಯ್ಯರು ನಗು ತಡೆಯಲಾರದೆ ಎದ್ದು ಗೋಡೆ ಹಿಡಿದುಕೊಂಡರು. ಖಲೀಲ್ ಮಾಸ್ಟ್ರು ರಿಮೋಟಿನಲ್ಲಿ ನಿಲ್ಲಿಸುವ ಬಟನ್ ಹುಡುಕುತ್ತಿದ್ದರು. ಮೂವತ್ತು ವರ್ಷದ ಕಿಡಿ, ಮೇನ್ ಸ್ವಿಚ್, ಟ್ರಾನ್ಸ್‌ಫಾರ್ಮರ್ ಎಲ್ಲ ಒಂದೇ ಟಾರ್ಚಿನ ಬೆಳಕಿನಲ್ಲಿ ಕರಗಿಹೋದವು. ಕೊನೆಗೆ ಅವರಿಗೆ ನೆನಪಾಯಿತು: ಹೌದು, ಟಾರ್ಚೇ. ಕಣ್ಣು ಮುಚ್ಚಿದ್ದೂ ಹೌದು.

ನಗದೆ ಉಳಿದವರು ಬೀಬಿ ಒಬ್ಬರೇ. ಅವರ ಕೆನ್ನೆ ಒದ್ದೆಯಾಗಿತ್ತು.

"ಮಗಾ," ಎಂದರು ಅಳಿಯನಿಗೆ, "ಅವರು ಮಾತಾಡಿದ್ದು ಇನ್ನೊಮ್ಮೆ ಹಾಕು."

ಬೀಬಿಗೆ ಇಲ್ಲ ಎನ್ನುವುದು ಸಾಧ್ಯವಿತ್ತೇ? ಮಾಸ್ಟ್ರು ಹಿಂದಕ್ಕೆ ಹೋಗಿ ಹಾಕಿದರು. ಅಬೂಬಕ್ಕರ್ ಮಗಳನ್ನು ಕರೆದರು, ಮಗಳು ಸ್ಟೂಲು ಹತ್ತಿದಳು, ಅಳಿಯ ತನ್ನ ಮುಖಕ್ಕೆ ಟಾರ್ಚು ಹಿಡಿದ. ಜನ ನಕ್ಕರು. ಬೀಬಿ ಇನ್ನೊಮ್ಮೆ ಎಂದರು. ಹೀಗೆ ಏಳು ಸಲ, ಏಳೂ ಸಲ ಮಾಸ್ಟ್ರ ಕೈಯಿಂದಲೇ. ಏಳನೆಯ ಸಲ ಬೀಬಿಯೂ ನಕ್ಕರು.

ಎಲ್ಲರೂ ಅಂಗಳಕ್ಕೆ ಹೋದ ಮೇಲೆ ಮಾಸ್ಟ್ರು ಅಡುಗೆಮನೆಗೆ ಬಂದರು.

"ಇಷ್ಟು ವರ್ಷ ನೀನು ಒಂದು ಮಾತು ಹೇಳಲಿಲ್ಲ."

"ನೀವು ಅಷ್ಟು ಚಂದ ಮಾಡಿ ಹೇಳ್ತಿದ್ರಿ," ಎಂದರು ರಶೀನಾ. "ಕೇಳಿ ಕೇಳಿ ನನಗೂ ಹೌದಾ ಅಂತ ಕಂಡದ್ದುಂಟು. ಅದಕ್ಕೇ ಅಲ್ವಾ ಬೇಡ ಬೇಡ ಅಂದದ್ದು."

ತನ್ನ ಹೆಂಡತಿ ಫ್ಯೂಸ್ ಹಾಕಿದ್ದು ದೊಡ್ಡದಲ್ಲ, ಹಾಕಿದ್ದನ್ನು ಮೂವತ್ತು ವರ್ಷ ಗಂಡನಿಗೆ ಬಿಟ್ಟುಕೊಟ್ಟದ್ದು ದೊಡ್ಡದು ಎಂದು ಮಾಸ್ಟ್ರಿಗೆ ಅನ್ನಿಸಿತು. ಆದರೂ ಮನುಷ್ಯ ಮನುಷ್ಯನೇ. ತಗ್ಗಿದ ದನಿಯಲ್ಲಿ ಕೇಳಿದರು:

"ಉಪ್ಪನ ಸ್ವರ ಇಟ್ಟುಕೊಂಡು, ಟಾರ್ಚಿನದ್ದು ಮಾತ್ರ ಪೆಟ್ಟಿಗೆಯಿಂದ ತೆಗೀಲಿಕ್ಕೆ ಆಗ್ತದಾ?"

"ಒಮ್ಮೆ ಬಿದ್ದದ್ದು ಹೋಗುವ ಪ್ರಶ್ನೆಯೇ ಇಲ್ಲ ಅಂತ ನೀವೇ ಹೇಳಿದ್ದಲ್ವಾ? ಒಂದು ಹೋದರೂ ಇನ್ನೊಂದರಲ್ಲಿ ಉಳೀತದೆ. ನೆನಪಿಟ್ಟುಕೊಳ್ಳಲಿಕ್ಕೆ ಹೇಳಿದ್ರಿ."

ಅಂಗಳದಿಂದ ಸಮೀನಾ ಹೊರಟೆವು ಎಂದು ಕೂಗಿದರು. ರಶೀನಾ ಪುತ್ತಿಗೆಯ ಸ್ಟೀಲು ಡಬ್ಬಿಯನ್ನು ಗಂಡನ ಕೈಗೆ ಕೊಟ್ಟರು. "ಅಕ್ಕನ ಡಬ್ಬಿ. ನೀವೇ ಕೊಡಿ."

ಡಬ್ಬಿ ಭಾರವಿತ್ತು. ಮಾಸ್ಟ್ರು ಜಗಲಿಯಲ್ಲಿ ನಿಂತು ಮುಚ್ಚಳ ತೆಗೆದರು. ಬಿಸಿ ಪತ್ತಿರ್, ಅದರ ಮೇಲೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಪೆನ್‌ಡ್ರೈವ್. ರಶೀನಾರ ದುಂಡಗಿನ ಅಕ್ಷರದಲ್ಲಿ ಚೀಟಿ: 'ಉಮ್ಮನಿಗೆ, ಉಪ್ಪನ ಸ್ವರ. ಹೊಸ ಟಿವಿ ತಂದ ಮೇಲೆ ದಿನಾ ಹಾಕಿ.'

ಕಿಸೆ ಹತ್ತಿರವೇ ಇತ್ತು. ಯಾರೂ ನೋಡುತ್ತಿರಲಿಲ್ಲ. ಮಾಸ್ಟ್ರು ಪೆನ್‌ಡ್ರೈವನ್ನು ಎತ್ತಿ, ಕಾರಿನ ಹಿಂದಿನ ಸೀಟಿನಲ್ಲಿ ಕುಳಿತ ಬೀಬಿಯನ್ನು ನೋಡಿ, ತಿರುಗಿ ಪತ್ತಿರಿನ ಮೇಲಿಟ್ಟು ಮುಚ್ಚಳ ಹಾಕಿದರು. ಆಮೇಲೆ ಎರಡೂ ಕೈಯಲ್ಲಿ ಡಬ್ಬಿ ಹಿಡಿದು, ಕಾರಿನ ಬಳಿ ಹೋಗಿ ಸಮೀನಾರಿಗೆ ಕೊಟ್ಟರು.

"ಎಂತ ಭಾವ ಇದರಲ್ಲಿ, ಇಷ್ಟು ಭಾರ?" ಎಂದು ಸಮೀನಾ ಕೇಳಿದರು.

"ಪತ್ತಿರ್ ಉಂಟು. ಮತ್ತೆ ನಾನು ಟಾರ್ಚು ಹಿಡಿದದ್ದು ಉಂಟು," ಎಂದರು ಮಾಸ್ಟ್ರು. "ಖಾಲಿ ಕೊಡಬಾರದಲ್ಲ."